ಮೂಗುದಾರ ಇಲ್ಲದ ಎತ್ತುಗಳು

ಕೇಳುಗರಿಗೆ ನಮಸ್ಕಾರ. ಶಾಲಾ ಪ್ರವಾಸದ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಕರೆದಿದ್ದಾರೆ. ನನ್ನ ಹತ್ತಿರ ಇರುವುದು ಒಂದೇ ಮಾತು. ಮೇಷ್ಟ್ರುಗಳೇ, ಪ್ರವಾಸಕ್ಕೆ ಹೋದ ಮಕ್ಕಳ ಕೈಗೆ ಕೆಲಸ ಕೊಡಿ. ನೋಟ್‌ಬುಕ್ ಅಲ್ಲ, ಕೆಲಸ.

ಅಮೆರಿಕದ ಅಯೋವಾದಲ್ಲಿ ಮಗಳ ಮನೆಯಲ್ಲಿದ್ದಾಗ ಮೊಮ್ಮಗನ ತರಗತಿಯ ಜೊತೆ ನಾನೂ ಹೊರಟೆ. ಆ ರಾಜ್ಯದ ರಾಜಧಾನಿ ಡೆ ಮೊಯಿನ್ ಪಕ್ಕದ ಅರ್ಬನ್‌ಡೇಲ್‌ನಲ್ಲಿ ಲಿವಿಂಗ್ ಹಿಸ್ಟರಿ ಫಾರ್ಮ್ಸ್ ಅಂತ ಒಂದು ಜಾಗ. ಅಲ್ಲಿ ಹಳೆಯ ಬೇಸಾಯವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿಲ್ಲ, ಮಾಡಿ ತೋರಿಸುತ್ತಾರೆ. ಟ್ರ್ಯಾಕ್ಟರ್ ಗಾಡಿ ಹತ್ತಿದರೆ ಮೊದಲು 1700ರ ಕಾಲದ ಅಯೋವೇ ಅನ್ನುವ ಮೂಲನಿವಾಸಿ ಜನರ ಹೊಲ. ತೊಗಟೆ ಹೊದಿಸಿದ ಮನೆ, ಮುಸುಕಿನ ಜೋಳ, ಬೀನ್ಸ್, ಕುಂಬಳ. ಆಮೇಲೆ 1850ರ ವಲಸಿಗರ ಹೊಲ, ಮರದ ದಿಮ್ಮಿಯ ಮನೆ. ಟೀಚರ್ ಕೊಟ್ಟ ಪ್ರಶ್ನೆ ಹಾಳೆಯನ್ನು ಮಕ್ಕಳು ಒಬ್ಬರದನ್ನೊಬ್ಬರು ನೋಡಿ ತುಂಬುತ್ತಿದ್ದರು. ಇಲ್ಲೂ ಅದೇ, ಅಲ್ವಾ?

ಅಷ್ಟರಲ್ಲಿ ಎತ್ತು ಬಂದವು. ನಾನು ರೈತನ ಮಗ. ನನ್ನ ಕಣ್ಣು ಹೋಗಿದ್ದು ನೇರ ಮೂಗಿಗೆ. ಮೂಗುದಾರವೇ ಇಲ್ಲ! ಹಗ್ಗವೂ ಇಲ್ಲ. ನೊಗದ ಕೆಳಗೆ, ಕುತ್ತಿಗೆಯ ಸುತ್ತ, ಬಗ್ಗಿಸಿದ ಮರದ ಬಳೆ. ಆ ಕಾಲದ ಉಡುಪು ತೊಟ್ಟ ಹೆಂಗಸೊಬ್ಬರು ಎಡಪಕ್ಕದಲ್ಲಿ ಕೋಲು ಹಿಡಿದು ನಡೆಯುತ್ತಿದ್ದರು. ‘ಜೀ’ ಅಂದರೆ ಬಲಕ್ಕೆ, ‘ಹಾ’ ಅಂದರೆ ಎಡಕ್ಕೆ. ಅಷ್ಟೇ. ಬರೀ ಮಾತು.

‘ನೀವೂ ಹೇಳಿ ನೋಡಿ’ ಅಂದರು ಆಕೆ. ಮೊಮ್ಮಗ ದೂರ ನಿಂತು ‘ಹಾ, ಹಾ’ ಅಂತ ಕಿರುಚಿದ. ಎತ್ತು ಕಿವಿ ಅಲ್ಲಾಡಿಸಿತು, ಅಷ್ಟೆ. ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ, ನಮ್ಮಪ್ಪ ಹೊಲದಲ್ಲಿ ಕೂಗುತ್ತಿದ್ದ ಹಾಗೆ ‘ಹೋ ಬಸವಾ’ ಅಂದೆ. ಅದು ತಿರುಗಿಯೂ ನೋಡಲಿಲ್ಲ. ಪಾಪ, ಅದಕ್ಕೆಲ್ಲಿ ಕನ್ನಡ ಬರಬೇಕು! ಮಕ್ಕಳು ಬಿದ್ದು ಬಿದ್ದು ನಕ್ಕರು. ಕೊನೆಗೆ ಹುಡುಗ ಆಕೆಯ ಜೊತೆ ಹೆಜ್ಜೆ ಹಾಕುತ್ತಾ ಮೆಲ್ಲಗೆ ಹೇಳಿದ. ಜೋಡಿ ಎಡಕ್ಕೆ ತಿರುಗಿತು. ಅವನ ಮುಖ ನೋಡಬೇಕಿತ್ತು ನೀವು.

ಆಗ ಶುರುವಾಯಿತು ಪ್ರಶ್ನೆ. ‘ತಾತ, ದಿನಕ್ಕೆ ಎಷ್ಟು ಉಳಬಹುದು?’ ಹೆಚ್ಚುಕಡಿಮೆ ಒಂದು ಎಕರೆ. ಎಕರೆ ಅನ್ನುವ ಅಳತೆ ಹುಟ್ಟಿದ್ದೇ ಹಾಗೆ, ಜೋಡಿ ಎತ್ತು ಒಂದು ದಿನ ಉಳುವಷ್ಟು ನೆಲ. ಆಗ ಸರ್ಕಾರ ವಲಸಿಗರಿಗೆ ನೆಲವನ್ನು ಎಕರೆಗೆ 1.25 ಡಾಲರಿನಂತೆ ಮಾರುತ್ತಿತ್ತು ಅಂದೆ. ‘ಸರ್ಕಾರಕ್ಕೆ ಯಾರು ಕೊಟ್ಟರು?’ ನೋಡಿ, ಇದು ಹಾಳೆಯಲ್ಲಿ ಇರಲೇ ಇಲ್ಲ! 1842ರ ಒಪ್ಪಂದದಲ್ಲಿ ಸಾಕ್ ಮತ್ತು ಮೆಸ್ಕ್ವಾಕಿ ಅನ್ನುವ ಮೂಲನಿವಾಸಿ ಜನ ಆ ಕಡೆಯ ನೆಲ ಬಿಟ್ಟುಕೊಡಬೇಕಾಯಿತು. 1845ರ ಅಕ್ಟೋಬರ್‌ಗೆ ಅವರು ಜಾಗ ಖಾಲಿ ಮಾಡಬೇಕಿತ್ತು. ಹುಡುಗ ಸುಮ್ಮನಾದ. ಎತ್ತಿನ ಜೊತೆ ನಡೆಯದಿದ್ದರೆ ಕೇಳುತ್ತಿದ್ದನಾ?

ಅದೇ ಜಾಗದಲ್ಲಿ ತೋರಿಸುವ 1900ರ ಕುದುರೆ ಉಳುಮೆ, 1876ರ ವಾಲ್ನಟ್ ಹಿಲ್ ಊರು, ಅಲ್ಲಿನ ಕಮ್ಮಾರ, ಇವನ್ನೆಲ್ಲ ಬರೆದುಕೊಂಡು ಬಂದಿದ್ದೆ. ಆದರೆ ಸ್ಟುಡಿಯೋ ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಎತ್ತುಗಳೇ ಸಮಯ ತಿಂದವು.

ಮೇಷ್ಟ್ರೇ, ಡಿಸೆಂಬರ್ ಪ್ರವಾಸಕ್ಕೆ ಬಸ್ಸು ಗೊತ್ತು ಮಾಡುವ ಮೊದಲು ಆ ಜಾಗಕ್ಕೆ ಒಂದು ಫೋನ್ ಮಾಡಿ. ಮಕ್ಕಳು ಏನೇನು ಮುಟ್ಟಿ ಮಾಡಬಹುದು ಅಂತ ಕೇಳಿ. ‘ಏನೂ ಮುಟ್ಟುವ ಹಾಗಿಲ್ಲ’ ಅಂದರೆ ಸುಮ್ನೆ ಬೇರೆ ಜಾಗ ಹುಡುಕಿ. ನಮಸ್ಕಾರ.