ಚಕ್ರದೊಳಗಿನ ರಬ್ಬರ್ ಹಾಲು

ಕೇಳುಗರಿಗೆ ನಮಸ್ಕಾರ.

ಗುಡ್ಡಗಾಡಿನಲ್ಲಿ ಓಡಿಸುವ ಸೈಕಲ್ಲಿನ ಚಕ್ರವೊಂದನ್ನು ಬಿಚ್ಚಿ, ಕಿವಿಯ ಹತ್ತಿರ ತಂದು, ಮೆಲ್ಲನೆ ಅಲ್ಲಾಡಿಸಿ ನೋಡಿದ್ದೀರಾ? ಒಳಗೆ ಟ್ಯೂಬ್ ಇದ್ದರೆ ಏನೂ ಕೇಳಿಸುವುದಿಲ್ಲ. ಟ್ಯೂಬ್‌ಲೆಸ್ ಟೈರ್ ಆಗಿದ್ದು, ತೂತು ಮುಚ್ಚಲೆಂದು ಒಳಗೆ ಸುರಿದಿರುವ ಸೀಲೆಂಟ್ ಎಂಬ ದ್ರವ ಇನ್ನೂ ಒಣಗಿರದಿದ್ದರೆ, ತಳದಲ್ಲಿ ಸ್ವಲ್ಪ ನೀರುಳಿದ ಬಾಟಲಿಯನ್ನು ಕುಲುಕಿದಂತೆ ಗುಳುಗುಳು ಸದ್ದು ಬರುತ್ತದೆ. ಆ ಸದ್ದು ಇರುವವರೆಗೆ ಟೈರಿಗೆ ಕಾವಲು ಉಂಟು. ಸದ್ದು ನಿಂತ ಮೇಲೂ ಸೈಕಲ್ ಎಂದಿನಂತೆಯೇ ಓಡುತ್ತಿರುತ್ತದೆ. ತೊಂದರೆ ಇರುವುದು ಅಲ್ಲಿಯೇ. ಕಿವಿಯನ್ನೇ ನೆಚ್ಚಿದ ಬಾನುಲಿಯಲ್ಲಿ ಮಾತನಾಡುತ್ತಿರುವುದರಿಂದ ಸದ್ದಿನಿಂದಲೇ ಶುರುಮಾಡಿದೆ.

ಟ್ಯೂಬನ್ನು ಕಿತ್ತುಹಾಕುವ ಯೋಚನೆ ಬಂದದ್ದಾದರೂ ಏಕೆ? ಮುಳ್ಳು ಒಂದು ಕಾರಣ, ಕಲ್ಲು ಇನ್ನೊಂದು. ಇಳಿಜಾರಿನಲ್ಲಿ ವೇಗವಾಗಿ ಬರುವ ಚಕ್ರ ಚೂಪು ಕಲ್ಲಿಗೆ ಬಡಿದರೆ ಟೈರ್ ಅಪ್ಪಚ್ಚಿಯಾಗಿ, ರಿಮ್ಮಿನ ಅಂಚುಗಳು ಕಲ್ಲಿನವರೆಗೂ ಇಳಿಯುತ್ತವೆ. ನಡುವೆ ಸಿಕ್ಕಿಬಿದ್ದ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು. ನೋಡಲು ಹಲ್ಲಿನ ಗುರುತಿನಂತೆಯೇ ಇರುವುದರಿಂದ ಸವಾರರು ಅದನ್ನು ಹಾವಿನ ಕಡಿತವೆಂದೇ ಕರೆಯುತ್ತಾರೆ. ಇದನ್ನು ತಪ್ಪಿಸಲು ಗಾಳಿಯ ಒತ್ತಡವನ್ನು ಮೂವತ್ತು ಪಿಎಸ್‌ಐಗಿಂತ ಮೇಲೆ ಏರಿಸಿಕೊಂಡರೆ, ಗಟ್ಟಿಯಾದ ಟೈರ್ ಕಲ್ಲಿನ ಮೇಲೆ ಪುಟಿಯುತ್ತದೆ, ಒದ್ದೆ ಬೇರಿನ ಮೇಲೆ ಜಾರುತ್ತದೆ. ಟ್ಯೂಬೇ ಇಲ್ಲದಿದ್ದರೆ ನಡುವೆ ಸಿಕ್ಕಿಕೊಳ್ಳಲು ಏನೂ ಇರುವುದಿಲ್ಲ. ಸವಾರನ ತೂಕ, ಟೈರಿನ ಅಗಲ ನೋಡಿಕೊಂಡು 20ರಿಂದ 25 ಪಿಎಸ್‌ಐ ಆಸುಪಾಸಿಗೆ ಇಳಿಸಬಹುದು. ಆಗ ಟೈರ್ ನೆಲವನ್ನು ತಬ್ಬಿಕೊಂಡು ಹೋಗುತ್ತದೆ. ಒಮ್ಮೆ ಆ ಹಿಡಿತ ರೂಢಿಯಾದವರು ಟ್ಯೂಬಿಗೆ ಹಿಂತಿರುಗುವುದು ಅಪರೂಪ.

1999ರಲ್ಲಿ ಫ್ರಾನ್ಸಿನ ಮಾವಿಕ್, ಮಿಷಲಿನ್ ಮತ್ತು ಹಚಿನ್‌ಸನ್ ಕಂಪನಿಗಳು ಕೂಡಿ ಯುಎಸ್‌ಟಿ ಎಂಬ ಟ್ಯೂಬ್‌ಲೆಸ್ ಪದ್ಧತಿಯನ್ನು ತಂದವು. ರಿಮ್ಮಿನ ಒಳಮೈಯಲ್ಲಿ ಕಡ್ಡಿಗಳ ತೂತುಗಳೇ ಇಲ್ಲ. ಟೈರಿನ ಒಳಗೆ ಗಾಳಿ ಸೋರದಂತೆ ರಬ್ಬರಿನ ಒಂದು ಪದರ. ಅಚ್ಚುಕಟ್ಟಾದ ಕೆಲಸ, ಆದರೆ ಟೈರ್ ಭಾರ. ಅಮೆರಿಕದ ಸ್ಟಾನ್ ಕೊಜಿಯಾಟೆಕ್ ಎಂಬಾತ ಬೇರೆ ದಾರಿ ಹಿಡಿದ. ಕಡ್ಡಿಗಳ ತೂತುಗಳ ಮೇಲೆ ಟೇಪ್ ಸುತ್ತಿ, ಹಗುರವಾದ ಟೈರ್ ಹಾಕಿ, ಸೋರುವ ಕಡೆಯನ್ನು ಒಳಗಿನ ದ್ರವವೇ ಹುಡುಕಿ ಮುಚ್ಚಲಿ ಎಂದ. ಇಂದು ಹೆಚ್ಚಿನವರ ಚಕ್ರದಲ್ಲಿ ಇರುವುದು ಈ ಎರಡನೆಯ ಜಾಣತನವೇ.

ಆ ದ್ರವ ಯಾವುದು? ಬಹುಪಾಲು ಸೀಲೆಂಟ್‌ಗಳ ಮೂಲವಸ್ತು ರಬ್ಬರ್ ಹಾಲು, ಅಂದರೆ ಲ್ಯಾಟೆಕ್ಸ್. ರಬ್ಬರ್ ಮರದ ತೊಗಟೆಗೆ ಗೀರು ಹಾಕಿದರೆ ಹಾಲು ಒಸರುತ್ತದೆ. ಕೆಲವು ತಾಸುಗಳಲ್ಲಿ ಅದೇ ಹಾಲು ಹೆಪ್ಪುಗಟ್ಟಿ ಗೀರನ್ನು ಮುಚ್ಚಿಬಿಡುತ್ತದೆ. ಅದಕ್ಕಾಗಿಯೇ ಹಾಲು ತೆಗೆಯುವವನು ಪ್ರತಿ ಸಲ ಬಂದು ತೊಗಟೆಯನ್ನು ಹೊಸದಾಗಿ ಕೆತ್ತಬೇಕು. ಅಂದರೆ ತನ್ನ ಪಂಕ್ಚರನ್ನು ತಾನೇ ಮುಚ್ಚಿಕೊಳ್ಳುವ ವಿದ್ಯೆ ಮರಕ್ಕೆ ಮೊದಲೇ ಗೊತ್ತಿತ್ತು. ಟೈರ್ ಆಗುವ ಮುಂಚೆ ರಬ್ಬರ್ ಮಾಡುತ್ತಿದ್ದ ಕೆಲಸವನ್ನೇ ನಾವು ಅದರಿಂದ ಮತ್ತೆ ಮಾಡಿಸುತ್ತಿದ್ದೇವೆ. ಈ ಸಂಗತಿ ಹೊಳೆದ ದಿನ ನನಗೆ ಆದ ಸಂತೋಷ ಸಣ್ಣದಲ್ಲ.

ಹಾಲಿನಲ್ಲಿ ರಬ್ಬರಿನ ಅತಿ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಎಲ್ಲ ಕಣಗಳ ಮೈಮೇಲೂ ಒಂದೇ ಬಗೆಯ ವಿದ್ಯುದಂಶ, ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತ ಬೇರೆಬೇರೆಯಾಗಿಯೇ ಉಳಿಯುತ್ತವೆ. ಈ ದೂರ ಕೆಡದಂತೆ ಕಾಯಲು ಹಲವು ತಯಾರಕರು ಅಮೋನಿಯ ಸೇರಿಸುತ್ತಾರೆ; ಬಾಟಲಿಯ ಮುಚ್ಚಳ ತೆಗೆದೊಡನೆ ಮೂಗಿಗೆ ಹೊಡೆಯುವ ಘಾಟು ಅದರದ್ದು. ಚಳಿಯಲ್ಲಿ ಹೆಪ್ಪಾಗದಿರಲು ಗ್ಲೈಕಾಲ್. ಇವುಗಳ ಜೊತೆಗೆ ಕಣ್ಣಿಗೆ ಕಾಣುವಂಥ ಸಣ್ಣ ಹರಳು ಅಥವಾ ರಬ್ಬರ್ ಪುಡಿ. ಮುಳ್ಳು ಚುಚ್ಚಿದ ಗಳಿಗೆಯಲ್ಲಿ ಗಾಳಿ ಆ ತೂತಿನಿಂದ ನುಗ್ಗುತ್ತದೆ, ದ್ರವವನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಒಡ್ಡು ಒಡೆದ ಕಡೆ ಮೊದಲು ಕಲ್ಲು, ಆಮೇಲೆ ಮಣ್ಣು ಸುರಿಯುವಂತೆ, ಮೊದಲು ಹರಳುಗಳು ಬಂದು ತೂತಿನಲ್ಲಿ ಸಿಕ್ಕಿಕೊಳ್ಳುತ್ತವೆ. ಆ ಇಕ್ಕಟ್ಟಿನಲ್ಲಿ ತಿಕ್ಕಾಡಿದ ರಬ್ಬರ್ ಕಣಗಳು ತಮ್ಮ ದೂರವನ್ನು ಮರೆತು ಒಂದಕ್ಕೊಂದು ಅಂಟುತ್ತವೆ. ಗಾಳಿ ತಾಗಿ ನೀರು ಆರಿ, ತೂತಿಗೆ ಬಿರಡೆ ಬೀಳುತ್ತದೆ.

ಇದನ್ನು ಹತ್ತಿರದಿಂದ ನೋಡಬೇಕಾದರೆ ಹೀಗೆ ಮಾಡಿ. ಟೈರಿನಲ್ಲಿ ನೆಟ್ಟ ಮುಳ್ಳೊಂದು ಕಂಡಿತು ಎನ್ನಿ. ಚಕ್ರವನ್ನು ತಿರುಗಿಸಿ ಮುಳ್ಳು ಕೆಳಗೆ, ನೆಲದ ಕಡೆಗೆ ಬರುವಂತೆ ನಿಲ್ಲಿಸಿ. ದ್ರವವೆಲ್ಲ ಅಲ್ಲಿಗೆ ಇಳಿದು ಕಾದಿರುತ್ತದೆ. ಈಗ ಮುಳ್ಳನ್ನು ಎಳೆಯಿರಿ. ಸುಯ್ ಎಂಬ ಸದ್ದು, ಒಂದು ಬಿಳಿಯ ಹನಿ, ಹನಿಯ ಮೇಲೆ ನೊರೆ. ನೊರೆಯೊಳಗೆ ಗುಳ್ಳೆ ಎದ್ದು ಒಡೆಯುತ್ತದೆ, ಇನ್ನೊಂದು ಏಳುತ್ತದೆ, ಮೂರನೆಯದು ಏಳಲೋ ಬೇಡವೋ ಎಂದು ನಡುಗುತ್ತದೆ. ಸುಯ್ ಎನ್ನುತ್ತಿದ್ದದ್ದು ಪಿಸುಮಾತಾಗಿ ನಿಲ್ಲುತ್ತದೆ. ಬೆರಳಿನಿಂದ ಒರೆಸಿದರೆ ಕೆಳಗೆ ಗುಂಡುಸೂಜಿಯ ತಲೆಯಷ್ಟು ಬಿಳಿಯ ಚುಕ್ಕೆ. ಅಷ್ಟೇ. ಎಷ್ಟು ಸಲ ನೋಡಿದರೂ ಬೇಸರ ಬಂದಿಲ್ಲ.

ಜಾಹೀರಾತುಗಳು ಆರು ಮಿಲಿಮೀಟರಿನ ತೂತಿನವರೆಗೂ ಮಾತು ಕೊಡುತ್ತವೆ. ಮುಳ್ಳಿನ ತೂತನ್ನು ನಾನು ಕಣ್ಣು ಮುಚ್ಚಿ ನಂಬುತ್ತೇನೆ, ಆರು ಮಿಲಿಮೀಟರನ್ನು ನಂಬಿ ಕಾಡಿಗೆ ಹೋಗುವುದಿಲ್ಲ. ಟೈರಿನ ಪಕ್ಕದ ಗೋಡೆ ಸೀಳಿದರಂತೂ ದ್ರವದ ಆಟ ನಡೆಯುವುದು ಕಷ್ಟ. ಆ ಗೋಡೆ ತೆಳು; ಪ್ರತಿ ಸುತ್ತಿಗೂ ಬಾಗುತ್ತದೆ; ಆಗಷ್ಟೇ ಕೂತ ಬಿರಡೆ ಮತ್ತೆ ಮತ್ತೆ ಎದ್ದುಹೋಗುತ್ತದೆ.

ಹಾಕುವ ಬಗೆಯನ್ನು ಉದ್ದಕ್ಕೆ ಹೇಳುವುದಿಲ್ಲ, ಎಡವುವ ಜಾಗಗಳನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ಬಾಟಲಿ. ಹರಳುಗಳು ಭಾರ, ತಳಕ್ಕೆ ಇಳಿದಿರುತ್ತವೆ. ಚೆನ್ನಾಗಿ ಕುಲುಕದೆ ಸುರಿದರೆ ಕಲ್ಲಿಲ್ಲದ ಬರೀ ಮಣ್ಣಿನಿಂದ ಒಡ್ಡು ಕಟ್ಟಿದಂತೆ. ಕುಲುಕಿದ್ದು ಸಾಕು ಎನಿಸಿದ ಮೇಲೆ ಇನ್ನೊಂದು ಅರ್ಧ ನಿಮಿಷ ಕುಲುಕಿ. ಎರಡನೆಯದು ಅಳತೆ. 29 ಇಂಚಿನ ಚಕ್ರದ ಸಾಮಾನ್ಯ ಅಗಲದ ಟೈರಿಗೆ 90ರಿಂದ 120 ಮಿಲಿಲೀಟರ್ ಬೇಕು. ತೂಕ ಉಳಿಸುವ ಆಸೆಯಿಂದ ಅರ್ಧ ಹಾಕುವವರನ್ನು ಕಂಡಿದ್ದೇನೆ. ತೆಗೆದುಹಾಕಿದ ಟ್ಯೂಬೇ ಇನ್ನೂರು ಗ್ರಾಮಿನ ಹತ್ತಿರ ತೂಗುತ್ತದೆ. ಅದರಲ್ಲಿ ಅರ್ಧವನ್ನು ದ್ರವಕ್ಕೆ ಬಿಟ್ಟುಕೊಡಲು ಜಿಪುಣತನ ಬೇಡ. ಹೊಸ ಟೈರಾದರೆ ಮೊದಲ ದಿನ ಸ್ವಲ್ಪವನ್ನು ಅದೇ ಕುಡಿಯುತ್ತದೆ. ತೆಳು ಗೋಡೆಯ ಟೈರುಗಳ ಮೈಮೇಲೆ ಬೆವರಿನಂತೆ ಬಿಳಿ ಹನಿಗಳು ಮೂಡಿದರೆ ಗಾಬರಿಯಾಗಬೇಡಿ. ಚಕ್ರವನ್ನು ಒಂದೊಂದು ಮಗ್ಗುಲಿಗೆ ಸ್ವಲ್ಪ ಹೊತ್ತು ಮಲಗಿಸಿ, ಆಮೇಲೆ ಸೈಕಲ್ ಹತ್ತಿ ಒಂದು ಸುತ್ತು ಹೋಗಿ ಬನ್ನಿ. ಗೋಡೆಗೆ ದ್ರವ ಬಳಿಯಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಟೈರಿನ ಅಂಚನ್ನು ರಿಮ್ಮಿನಲ್ಲಿ ಕೂರಿಸುವಾಗ ಸೋಪಿನ ನೀರು ಹಚ್ಚಿದರೆ ಕೆಲಸ ಸುಲಭ. ಗಾಳಿ ಒಮ್ಮೆಲೇ ನುಗ್ಗಬೇಕು, ಆದ್ದರಿಂದ ಕಂಪ್ರೆಸರ್ ಅಥವಾ ಗಾಳಿಯನ್ನು ಕೂಡಿಟ್ಟು ಬಿಡುವ ಪಂಪ್ ಇದ್ದರೆ ಒಳ್ಳೆಯದು. ಅಂಚು ತನ್ನ ಜಾಗಕ್ಕೆ ಹಾರಿ ಕೂರುವಾಗ ಟಪ್, ಟಪ್ ಎಂದು ಬೆಚ್ಚಿಬೀಳಿಸುವ ಸದ್ದು ಬರುತ್ತದೆ, ಬೇಕಾದದ್ದು ಅದೇ. ಬರಲಿಲ್ಲವೆಂದು ಹಟಕ್ಕೆ ಬಿದ್ದು ಗಾಳಿ ಏರಿಸುತ್ತಾ ಹೋಗಬೇಡಿ. ಟೈರಿಗೂ ರಿಮ್ಮಿಗೂ ಹೇಳಿರುವ ಗರಿಷ್ಠ ಒತ್ತಡಗಳಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಮುಖವನ್ನೂ ಬೆರಳುಗಳನ್ನೂ ದೂರ ಇಟ್ಟುಕೊಳ್ಳಿ.

ದ್ರವವನ್ನು ಆಮೇಲೆ ತುಂಬಿಸುವುದು ವಾಲ್ವಿನ ಮೂಲಕ. ವಾಲ್ವಿನ ಒಳಭಾಗವನ್ನು ತಿರುಚಿ ತೆಗೆದು ಸಿರಿಂಜಿನಿಂದ ಹಾಕುತ್ತಾರೆ. ಮೊದಲ ಸಲ ನಾನು ಈ ಕೆಲಸಕ್ಕೆ ಕೈಹಾಕಿದಾಗ ವಾಲ್ವ್ ಕೆಳಗಿತ್ತು, ಟೈರಿನಲ್ಲಿ ಗಾಳಿ ಇನ್ನೂ ಇತ್ತು. ಗಾಳಿ ಬಿಡುತ್ತಿದ್ದೇನೆಂದು ನಾನು ತಿಳಿದಿದ್ದೆ. ಅಂಗಿಯ ಮೇಲೆ, ಕನ್ನಡಕದ ಮೇಲೆ, ಹಿಂದಿನ ಗೋಡೆಯ ಮೇಲೆ ಬಿಳಿಯ ಚುಕ್ಕಿಗಳ ಮಳೆಯಾಯಿತು. ಒದ್ದೆ ಬಟ್ಟೆಯಿಂದ ಒಡನೆ ಒರೆಸಿದ್ದು ಹೋಯಿತು. ಅಂಗಿಯ ಮೇಲಿನದು ಒಣಗಿತು, ಇಂದಿಗೂ ಹೋಗಿಲ್ಲ. ಚಕ್ರದ ಕೆಲಸಕ್ಕೆ ಈಗ ಅದೇ ಅಂಗಿ. ಹಾಗಾಗಿ ವಾಲ್ವಿಗೆ ಕೈಹಾಕುವ ಮುನ್ನ ಅದನ್ನು ಮೇಲಕ್ಕೆ ತಂದು, ದ್ರವ ಕೆಳಗೆ ಇಳಿಯಲು ಒಂದು ನಿಮಿಷ ಕೊಡಿ. ದಿನನಿತ್ಯ ಗಾಳಿ ನೋಡುವಾಗಲೂ ಇದೇ ಅಭ್ಯಾಸವಿದ್ದರೆ ವಾಲ್ವಿನಲ್ಲಿ ರಬ್ಬರ್ ಕಟ್ಟಿಕೊಳ್ಳುವುದು ಕಡಿಮೆಯಾಗುತ್ತದೆ.

ಒಂದು ಬ್ರ್ಯಾಂಡಿನ ಮೇಲೆ ಇನ್ನೊಂದನ್ನು ಸುರಿಯಬೇಡಿ. ಒಂದರ ಮದ್ದು ಇನ್ನೊಂದನ್ನು ಅಲ್ಲೇ ಗಂಟಾಗಿಸಬಹುದು. ಪಂಪಿನ ಬದಲು ಟೈರ್ ತುಂಬಲು ಒಯ್ಯುವ ಕಾರ್ಬನ್ ಡೈಆಕ್ಸೈಡಿನ ಪುಟ್ಟ ಸಿಲಿಂಡರುಗಳೂ ಕೆಲವು ಲ್ಯಾಟೆಕ್ಸ್ ಸೀಲೆಂಟುಗಳಿಗೆ ಆಗಿಬರುವುದಿಲ್ಲ. ಲ್ಯಾಟೆಕ್ಸ್ ಅಲರ್ಜಿ ಇರುವವರಿಗೆ ಲ್ಯಾಟೆಕ್ಸ್ ಇಲ್ಲದ ಸೀಲೆಂಟ್ ಸಿಗುತ್ತದೆ.

ಈಗ ಸದ್ದಿನ ವಿಷಯಕ್ಕೆ ಬರುತ್ತೇನೆ. ಒಂದು ಕಾಲಕ್ಕೆ ನಾನು, ವರ್ಷವಾದರೂ ಒಂದೂ ಪಂಕ್ಚರ್ ಆಗಿಲ್ಲವೆಂದು ಎದುರಾದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಒಂದು ಬೆಳಿಗ್ಗೆ ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿತ್ತು. ಬಿಚ್ಚಿದೆ. ಒಳಗೆ ಒಂದು ಹನಿಯೂ ಇರಲಿಲ್ಲ. ಗೋಡೆಯ ಉದ್ದಕ್ಕೂ ತೆಳ್ಳಗಿನ ಚರ್ಮ ಕಟ್ಟಿಕೊಂಡಿತ್ತು. ಒಂದು ತುದಿ ಹಿಡಿದು ಎಳೆದರೆ ಹಾವಿನ ಪೊರೆಯಂತೆ ಉದ್ದಕ್ಕೆ ಸುಲಿದು ಬಂತು. ಮೂಲೆಯಲ್ಲಿ ಗೋಲಿಯ ಗಾತ್ರದ ರಬ್ಬರ್ ಉಂಡೆಯೊಂದು ಉರುಳಿ ಕೂತಿತ್ತು. ಅದಕ್ಕಿಂತ ನನ್ನನ್ನು ಬೆರಗಾಗಿಸಿದ್ದು ಮುಳ್ಳುಗಳು. ಅಂಗೈಯನ್ನು ಒಳಗೆ ಸವರಿದಾಗ ನಾಲ್ಕು ಕಡೆ ಚುಚ್ಚಿತು. ಪ್ರತಿಯೊಂದರ ಬುಡಕ್ಕೂ ಬಿಳಿಯ ಗುಳ್ಳೆ. ನಾಲ್ಕು ಪಂಕ್ಚರ್ ಆಗಿ, ನಾಲ್ಕೂ ವಾಸಿಯಾಗಿದ್ದವು, ನನಗೆ ಸುದ್ದಿಯೇ ಇರಲಿಲ್ಲ. ಐದನೆಯ ಮುಳ್ಳು ಬರುವ ಹೊತ್ತಿಗೆ ಹಾಲು ಬತ್ತಿತ್ತು.

ನೀರಿನ ಅಂಶ ಟೈರಿನ ಮೈಯಿಂದ ಸದ್ದಿಲ್ಲದೆ ಆರುತ್ತಲೇ ಇರುತ್ತದೆ. ಮುಚ್ಚಿದ ಪ್ರತಿ ತೂತೂ ಒಂದಿಷ್ಟನ್ನು ತಿನ್ನುತ್ತದೆ. ತಂಪು ಹವೆಯಲ್ಲಿ ಆರು ತಿಂಗಳು ಬಾಳಬಹುದು, ಬಿಸಿ ಒಣ ಹವೆಯಲ್ಲಿ ಎರಡೇ ತಿಂಗಳಿಗೆ ಮುಗಿಯಬಹುದು. ಹಾಗಾಗಿ ಎರಡು ಮೂರು ತಿಂಗಳಿಗೊಮ್ಮೆ ಚಕ್ರವನ್ನು ಕಿವಿಗೆ ಹಿಡಿಯಿರಿ. ಕಿವಿಯ ಮೇಲೆ ನಂಬಿಕೆ ಇಲ್ಲದವರು ವಾಲ್ವಿನ ಒಳಭಾಗ ತೆಗೆದು, ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು ಇಳಿಬಿಟ್ಟು, ಎಷ್ಟು ಒದ್ದೆಯಾಯಿತೆಂದು ನೋಡಬಹುದು. ಈ ಪರೀಕ್ಷೆಗೆ ಮಾತ್ರ ವಾಲ್ವ್ ತಳದ ಹತ್ತಿರ ಇರಬೇಕು, ಗಾಳಿ ಪೂರ್ತಿ ಹೊರಗೆ ಹೋಗಿರಬೇಕು. ನನ್ನ ಅಂಗಿಯ ಕಥೆ ನೆನಪಿರಲಿ.

ಆ ಗುಟ್ಟಿನ ಮುಳ್ಳುಗಳ ಬಗ್ಗೆ ಇನ್ನೊಂದು ಮಾತು. ದೊಡ್ಡ ತೂತಾದಾಗ ಮೊದಲ ಉಪಾಯ ಅಂಟಿನ ಬತ್ತಿ. ಅದನ್ನು ಕವಲು ಸೂಜಿಗೆ ಪೋಣಿಸಿ, ತೂತಿನೊಳಗೆ ತುರುಕಿ, ಸೂಜಿಯನ್ನು ಸರಕ್ಕನೆ ಎಳೆದುಕೊಂಡರೆ ಬತ್ತಿ ಅಲ್ಲೇ ಉಳಿಯುತ್ತದೆ; ಸುತ್ತಲಿನ ಸಣ್ಣ ಸಂದುಗಳನ್ನು ದ್ರವ ನೋಡಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಚೀಲದಲ್ಲಿರುವ ಹಳೆಯ ಟ್ಯೂಬೇ ಗತಿ. ಆದರೆ ಟ್ಯೂಬ್ ಹಾಕುವ ಮುನ್ನ ಟೈರಿನ ಒಳಮೈಯನ್ನು ಪೂರ್ತಿ ತಡಕಿ. ತಿಂಗಳುಗಟ್ಟಲೆ ಯಾರಿಗೂ ತೊಂದರೆ ಕೊಡದೆ ಕೂತಿದ್ದ ಮುಳ್ಳುಗಳೆಲ್ಲ ಟ್ಯೂಬಿಗಾಗಿಯೇ ಕಾದಿರುತ್ತವೆ. ನಾನು ಒಮ್ಮೆ ಅವಸರದಲ್ಲಿ ತಡಕದೆ ಹಾಕಿ, ಹತ್ತು ಹೆಜ್ಜೆ ದಾಟುವುದರೊಳಗೆ ಮತ್ತೆ ಕೆಳಗಿಳಿದಿದ್ದೇನೆ. ಉಳಿದ ದಾರಿಯುದ್ದಕ್ಕೂ ಸೈಕಲ್ ನನ್ನ ಹೆಗಲ ಮೇಲಿತ್ತು.

ಈ ಮಾತುಗಳನ್ನು ಬರೆದು ಮುಗಿಸಿದ ರಾತ್ರಿ, ಊರಿಗೆಲ್ಲ ಹೇಳಹೊರಟವನ ಚಕ್ರವೇ ಹೇಗಿದೆಯೋ ನೋಡೋಣವೆಂದು ಎರಡನ್ನೂ ಬಿಚ್ಚಿ ಕಿವಿಗೆ ಹಿಡಿದೆ. ಮುಂದಿನದು ಗುಳುಗುಳು ಎಂದಿತು. ಹಿಂದಿನದು ಏನೂ ಹೇಳಲಿಲ್ಲ. ಬಾಟಲಿಯನ್ನು ಹುಡುಕಿ ತೆಗೆದು, ಮೂಲೆಯಲ್ಲಿ ಮಡಚಿಟ್ಟಿದ್ದ ಆ ಚುಕ್ಕಿ ಅಂಗಿಯನ್ನು ಹಾಕಿಕೊಂಡೆ.

ನಮಸ್ಕಾರ.