ಉಲ್ಕೆ ನೋಡಲು ಹೋದವರು ಹತ್ತೇ ನಿಮಿಷಕ್ಕೆ ಯಾಕೆ ಎದ್ದು ಬರುತ್ತಾರೆ?

ಪ್ರತಿ ಡಿಸೆಂಬರ್‌ನಲ್ಲೂ ಇದೇ ಕಥೆ. ಇವತ್ತು ರಾತ್ರಿ ಆಕಾಶದಲ್ಲಿ ಬೆಂಕಿ ಮಳೆ, ತಪ್ಪದೆ ನೋಡಿ ಅಂತ ಸುದ್ದಿ ಬರುತ್ತದೆ. ಜೊತೆಗೊಂದು ಫೋಟೋ, ಅದರಲ್ಲಿ ನಲವತ್ತು ಐವತ್ತು ಉಲ್ಕೆಗಳು ಒಟ್ಟಿಗೇ ಉದುರುತ್ತಿರುತ್ತವೆ. ಜನ ಮಲಗಿದ್ದ ಮಕ್ಕಳನ್ನು ಎಬ್ಬಿಸಿಕೊಂಡು ಮಹಡಿ ಹತ್ತುತ್ತಾರೆ, ಹತ್ತು ನಿಮಿಷ ಕತ್ತೆತ್ತಿ ನಿಲ್ಲುತ್ತಾರೆ, ಏನೂ ಕಾಣದೆ ಇದೆಲ್ಲ ಸುಳ್ಳು ಅಂತ ಹೋಗಿ ಮಲಗುತ್ತಾರೆ. ನನಗೆ ಇದು ತುಂಬಾ ಬೇಜಾರಿನ ವಿಷಯ. ಉಲ್ಕಾಪಾತ ಸುಳ್ಳಲ್ಲ. ಆ ಫೋಟೋ ಏನು ಅಂತ ಯಾರೂ ಅವರಿಗೆ ಹೇಳಿಲ್ಲ, ಅಷ್ಟೇ.

ಅದು ಒಂದು ಕ್ಷಣದ ಚಿತ್ರ ಅಲ್ಲ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ, 15-20 ಸೆಕೆಂಡಿಗೆ ಒಂದರಂತೆ ರಾತ್ರಿಯಿಡೀ ಫ್ರೇಮ್ ತೆಗೆಯುತ್ತಾ ಹೋಗುತ್ತಾರೆ. ಬೆಳಗಾಗುವ ಹೊತ್ತಿಗೆ ಸಾವಿರಕ್ಕೂ ಜಾಸ್ತಿ ಆಗಿರುತ್ತವೆ, ಬಹುಪಾಲು ಖಾಲಿ. ಉಲ್ಕೆ ಬಿದ್ದ ಫ್ರೇಮ್‌ಗಳನ್ನು ಮಾತ್ರ ಆರಿಸಿ, ಅಷ್ಟು ಹೊತ್ತಿನಲ್ಲಿ ಭೂಮಿ ತಿರುಗಿದ್ದನ್ನು ಸರಿಪಡಿಸಿ, ಒಂದರ ಮೇಲೊಂದು ಜೋಡಿಸುತ್ತಾರೆ. ಶ್ರಮದ ಕೆಲಸ, ನನಗೆ ಅದರ ಬಗ್ಗೆ ಗೌರವ ಇದೆ. ಗೆರೆಗಳೆಲ್ಲ ಒಂದೇ ಕಡೆಯಿಂದ ಹೊರಟಿರುವುದು ಅಂಥ ಚಿತ್ರದಲ್ಲೇ ಚೆನ್ನಾಗಿ ಕಾಣುವುದು. ಆದರೆ ಇದು ಇಷ್ಟು ಗಂಟೆಗಳ ಫ್ರೇಮ್‌ಗಳನ್ನು ಸೇರಿಸಿದ್ದು ಅಂತ ಕೆಳಗೆ ಒಂದು ಸಾಲು ಬರೆಯಲೇಬೇಕು. ಬರೆಯದೆ ಹಾಕುವುದು ಸರಿಯಲ್ಲ.

ಡಿಸೆಂಬರ್‌ನದ್ದು ಜೆಮಿನಿಡ್ಸ್, ಮಿಥುನ ರಾಶಿಯ ಉಲ್ಕಾಪಾತ. ಸಾಮಾನ್ಯವಾಗಿ ಉಲ್ಕಾಪಾತಕ್ಕೆ ಕಾರಣ ಧೂಮಕೇತು ಬಿಟ್ಟು ಹೋದ ಧೂಳು. ಇಲ್ಲಿ ಹಾಗಲ್ಲ, 1983ರಲ್ಲಿ ಪತ್ತೆಯಾದ ಫೇಥಾನ್ ಅನ್ನುವ ಕ್ಷುದ್ರಗ್ರಹದ ಚೂರುಗಳು ಇವು. ಮರಳಿನ ಕಾಳಿನಷ್ಟು, ಕೆಲವು ಸಣ್ಣ ಬೆಣಚುಕಲ್ಲಿನಷ್ಟು. ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ನಮ್ಮ ವಾತಾವರಣಕ್ಕೆ ನುಗ್ಗಿ, ತುಂಬಾ ಎತ್ತರದಲ್ಲೇ ಉರಿದು ಹೋಗುತ್ತವೆ. ಗಂಟೆಗೆ 120ರಿಂದ 150 ಅಂತ ಓದಿರುತ್ತೀರಿ. ಅದು ಚಂದ್ರನೂ ಇಲ್ಲದ, ದೀಪವೂ ಇಲ್ಲದ ಕಗ್ಗತ್ತಲಲ್ಲಿ, ಉಲ್ಕೆಗಳು ಹೊರಡುವ ಜಾಗ ಸರಿಯಾಗಿ ನೆತ್ತಿ ಮೇಲಿದ್ದರೆ ಕಾಣುವ ಲೆಕ್ಕ. ಬೆಂಗಳೂರಿನ ಮಹಡಿ ಮೇಲೆ ಗಂಟೆಗೆ ನಾಲ್ಕೈದು ಕಂಡರೂ ಖುಷಿಪಡಿ. ಕತ್ತಲೆಯಲ್ಲೂ ಅವು ಸಾಲಾಗಿ ಬರುವುದಿಲ್ಲ, ಹತ್ತು ನಿಮಿಷ ಏನೂ ಇಲ್ಲ, ಆಮೇಲೆ ಒಂದರ ಹಿಂದೆ ಒಂದು ಮೂರು. ಇದು ಗೊತ್ತಿದ್ದವರು ಕಾಯುತ್ತಾರೆ, ಗೊತ್ತಿಲ್ಲದವರು ಏಳುತ್ತಾರೆ.

ಆಗಸ್ಟ್‌ನ ಪರ್ಸೀಡ್ಸ್ ಉಲ್ಕಾಪಾತಕ್ಕೆ ಹೆಸರು ಜಾಸ್ತಿ. ಆದರೆ ಕರ್ನಾಟಕದಲ್ಲಿ ಆಗ ಮಳೆಗಾಲ, ಮೋಡ ಬಿಟ್ಟರೆ ಏನೂ ಕಾಣುವುದಿಲ್ಲ. ನಮಗೆ ದಕ್ಕುವುದು ಜೆಮಿನಿಡ್ಸ್. ಪಾವಗಡ, ಚಳ್ಳಕೆರೆ ಕಡೆಯ ಬಯಲಿಗೆ ಹೋಗಿ, ಡಿಸೆಂಬರ್‌ನಲ್ಲಿ ಅಲ್ಲಿ ಸಾಮಾನ್ಯವಾಗಿ ಆಕಾಶ ತಿಳಿಯಾಗಿರುತ್ತದೆ. ಮಿಥುನ ರಾಶಿಯಲ್ಲಿರುವ ಪುನರ್ವಸುವಿನ ಜೋಡಿ ನಕ್ಷತ್ರಗಳು ಗೊತ್ತಲ್ವಾ, ಅದರ ಹತ್ತಿರದಿಂದಲೇ ಇವು ಹೊರಡುವುದು, ಮತ್ತು ರಾತ್ರಿ ಎರಡು ಗಂಟೆ ಹೊತ್ತಿಗೆ ಆ ಜೋಡಿ ಹೆಚ್ಚುಕಡಿಮೆ ನಮ್ಮ ನೆತ್ತಿಗೇ ಬಂದಿರುತ್ತದೆ.

ಇನ್ನು ಕ್ಯಾಮೆರಾ. ಮೊಬೈಲ್ ಕೈಯಲ್ಲಿ ಹಿಡಿದು ಉಲ್ಕೆ ಹಿಂದೆ ಓಡಬೇಡಿ, ಸಿಗುವುದಿಲ್ಲ. ಅಗಲದ ಲೆನ್ಸ್ ಹಾಕಿ, ಅಪರ್ಚರ್, ಅಂದರೆ ಲೆನ್ಸ್‌ನಲ್ಲಿ ಬೆಳಕು ಬರುವ ಕಿಂಡಿ, ಪೂರ್ತಿ ತೆರೆಯಿರಿ, ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600ರಿಂದ 3200. ಶಟರ್ ಜಾಸ್ತಿ ಹೊತ್ತು ತೆರೆದಿಟ್ಟರೆ ಉಲ್ಕೆ ಇನ್ನಷ್ಟು ಹೊಳೆಯುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಾಗುವುದಿಲ್ಲ, ಅದು ಒಂದು ಸೆಕೆಂಡಿನೊಳಗೇ ಓಡಿ ಹೋಗಿರುತ್ತದೆ, ಆಮೇಲೆ ಸೇರುವುದು ಆಕಾಶದ ಬೆಳಕು ಮಾತ್ರ. ಫೋಕಸ್ ಮ್ಯಾನ್ಯುಯಲ್‌ಗೆ ಹಾಕಿ, ಲುಬ್ಧಕ (ಸಿರಿಯಸ್) ನಕ್ಷತ್ರವನ್ನು ಸ್ಕ್ರೀನಿನಲ್ಲಿ ದೊಡ್ಡದು ಮಾಡಿ, ಅದು ಚುಕ್ಕೆಯಷ್ಟಾಗುವವರೆಗೆ ಲೆನ್ಸ್‌ನ ಫೋಕಸ್ ರಿಂಗ್ ತಿರುಗಿಸಿ, ಅದು ಅಲುಗಾಡದ ಹಾಗೆ ಟೇಪ್ ಸುತ್ತಿಬಿಡಿ. ಅರ್ಧ ಗಂಟೆಗೊಮ್ಮೆ ಲೆನ್ಸ್ ಮೇಲೆ ಇಬ್ಬನಿ ಕೂತಿದೆಯಾ ನೋಡಿ. ಕೂತಿದ್ದರೆ ನಕ್ಷತ್ರಗಳೆಲ್ಲ ಊದಿಕೊಂಡು ಮಸುಕಾಗಿರುತ್ತವೆ, ಆ ಫ್ರೇಮ್‌ಗಳು ಹೋದ ಹಾಗೆ.

ಉಲ್ಕೆ ಸಿಕ್ಕಿದ್ದನ್ನು ಗುರುತಿಸುವುದು ಕಷ್ಟವಲ್ಲ. ಗೆರೆ ಸಣ್ಣಗೆ ಶುರುವಾಗಿ, ನಡುವೆ ದಪ್ಪಗಾಗಿ, ಮತ್ತೆ ಸಣ್ಣಗಾಗುತ್ತದೆ, ಸಾಮಾನ್ಯವಾಗಿ ಒಂದೇ ಫ್ರೇಮ್‌ನಲ್ಲಿ ಇರುತ್ತದೆ. ಮುಂದಿನ ಫ್ರೇಮ್‌ನಲ್ಲೂ ಗೆರೆ ಮುಂದುವರಿದಿದ್ದರೆ ಅದು ಉಪಗ್ರಹ. ಮಿನುಗುವ ಚುಕ್ಕೆಗಳ ಸಾಲಿದ್ದರೆ ವಿಮಾನ.

ಕ್ಯಾಮೆರಾ ತನ್ನ ಪಾಡಿಗೆ ಕೆಲಸ ಮಾಡಲಿ. ನೀವು ಚಾಪೆ ಹಾಸಿ, ಕಂಬಳಿ ಹೊದ್ದು ಅಂಗಾತ ಮಲಗಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು, ನಡುವೆ ಒಂದು ಸಲ ಮೊಬೈಲ್ ನೋಡಿದರೆ ಮತ್ತೆ ಮೊದಲಿಂದ ಶುರು. ಫೋಟೋ ಬರಲಿ ಬಿಡಲಿ, ಮೊದಲು ಕಣ್ಣಾರೆ ನೋಡಿ ಅಂತಲೇ ನಾನು ಹೇಳುವುದು.

2024ರಲ್ಲಿ ಹುಣ್ಣಿಮೆ ಹತ್ತಿರವಿದ್ದು, ಚಂದ್ರನ ಬೆಳಕು ತುಂಬಾ ಉಲ್ಕೆಗಳನ್ನು ನುಂಗಿಬಿಟ್ಟಿತ್ತು. 2026ರಲ್ಲಿ ಹಾಗಿಲ್ಲ, ಡಿಸೆಂಬರ್ 13 ಮತ್ತು 14ರ ರಾತ್ರಿ ಚಂದ್ರ ಇನ್ನೂ ಸಣ್ಣವನು, ನಡುರಾತ್ರಿಗೆ ಮುಂಚೆಯೇ ಮುಳುಗಿರುತ್ತಾನೆ. ಮನೆಯವರನ್ನೂ ಕರೆದುಕೊಂಡು ಹೋಗಿ, ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ, ಕಾಯಬೇಕಾಗುತ್ತದೆ ಅಂತ.