ಜೀನ್ಸ್ ಪ್ಯಾಂಟಿನ ಓರೆ ಗೆರೆ

ಕೇಳುಗರಿಗೆಲ್ಲ ನಮಸ್ಕಾರ ರೀ. ನಾನು ಬಳ್ಳಾರಿಯವನು, ಕಂಪ್ಯೂಟರ್‌ನಲ್ಲಿ ತ್ರೀಡಿ ಕ್ಯಾರೆಕ್ಟರ್ ಮಾಡೋ ಕೆಲಸ ನಂದು, ಅಂದ್ರೆ ಗೇಮ್‌ಗೆ ಬೇಕಾದ ಮನುಷ್ಯರ ಮಾಡೆಲ್ ಮಾಡಿ ಅವರಿಗೆ ಬಟ್ಟೆ ತೊಡ್ಸೋದು. ಇವತ್ತು ಆ ಬಟ್ಟೆ ನಿಜದ ಹಂಗೆ ಕಾಣ್ಬೇಕಂದ್ರೆ ಏನು ಮಾಡ್ಬೇಕು ಅಂತ ಹೇಳ್ತೀನಿ, ಅದೂ ನಮ್ಮೂರ ಜೀನ್ಸ್ ಇಟ್ಕೊಂಡೇ.

ಹೋದ ವರ್ಷ ಒಬ್ಬ ಹುಡುಗನ ಮಾಡೆಲ್ ಮಾಡಿ, ಪ್ಯಾಂಟಿಗೆ ಡೆನಿಮ್ ಫೋಟೋ ಹಚ್ಚಿ, ಜೀನ್ಸ್ ಹೊಲಿಯೋ ನಮ್ಮ ಚಿಕ್ಕಮ್ಮಗೆ ತೋರ್ಸಿದೆ. ಒಂದು ಸಲ ನೋಡಿದ್ಲು ಅಷ್ಟೇ, "ಎಡಗಾಲಿನ ಬಟ್ಟೆ ಯಾಕೋ ಉಲ್ಟಾ ಐತೆ, ಇದು ಬ್ಯಾರೆ ಥಾನಾ?" ಅಂದ್ಲು. ನನಗೆ ಮೊದ್ಲು ಏನೂ ತಿಳೀಲಿಲ್ಲ.

ಆಮೇಲೆ ಅವಳು ಒಂದು ಪ್ಯಾಂಟ್ ತಂದು ಬೆಳಕಿಗೆ ಹಿಡಿದು ತೋರ್ಸಿದ್ಲು. ಡೆನಿಮ್ ಅಂದ್ರೆ ಟ್ವಿಲ್ ನೇಯ್ಗೆ, ಸಾಮಾನ್ಯವಾಗಿ ಹಾಸಿನ ಎಳೆ 3 ಹೊಕ್ಕಿನ ಎಳೆ ಮೇಲೆ ಹಾಯ್ದು 1ರ ಕೆಳಗೆ ಹೋಗ್ತೈತೆ, ಪ್ರತಿ ಸಾಲಿಗೂ ಒಂದೊಂದು ಎಳೆ ಸರೀತಾ ಹೋಗೋದ್ರಿಂದ ಮೈತುಂಬಾ ಓರೆ ಗೆರೆ ಬೀಳ್ತೈತೆ. ಎರಡೂ ಕಾಲು ಒಂದೇ ಥಾನಿಂದ ಒಂದೇ ಮಗ್ಗುಲು ಮೇಲೆ ಮಾಡಿ ಕತ್ತರಿಸೋದ್ರಿಂದ ಎರಡರ ಮೇಲೂ ಗೆರೆ ಒಂದೇ ಕಡೆಗೆ ಏರ್ತೈತೆ. ನಾನೇನು ಮಾಡಿದ್ದೆ ಅಂದ್ರೆ, ಟೆಕ್ಸ್ಚರ್, ಅಂದ್ರೆ ಮಾಡೆಲ್ ಮೇಲೆ ಹಚ್ಚೋ ಚಿತ್ರದಲ್ಲಿ ಜಾಗ ಉಳೀಲಿ ಅಂತ ಒಂದು ಕಾಲಿನ ಯುವಿ, ಅಂದ್ರೆ ಚಿತ್ರ ಹಚ್ಚೋಕೆ ಮಾಡೆಲ್ ಮೈಯನ್ನ ಚಪ್ಪಟೆ ಹಾಸಿದ ನಕ್ಷೆ, ಬಿಡಿಸಿ ಅದನ್ನೇ ಇನ್ನೊಂದಕ್ಕೆ ಮಿರರ್ ಹೊಡ್ದಿದ್ದೆ, ಹಂಗಾಗಿ ಎಡಗಾಲಿನ ಗೆರೆ ಕನ್ನಡಿಯೊಳಗಿನ ಹಂಗೆ ತಿರುಗಿತ್ತು. ಈಗ ನೇಯ್ಗೆಯನ್ನ ಬೇರೆ ಸಣ್ಣ ಟೈಲ್, ಅಂದ್ರೆ ಪಕ್ಕ ಪಕ್ಕ ಜೋಡಿಸ್ತಾ ಹೋಗೋ ಚಿತ್ರದ ತುಂಡು ಮಾಡಿ, ಎರಡನೇ ಯುವಿ ಹಾಕಿ, ಎರಡೂ ಕಾಲಿಗೆ ಒಂದೇ ದಿಕ್ಕಲ್ಲಿ ಹಾಸ್ತೀನಿ.

ಆ ಟೈಲಿಗೆ ಫೋಟೋ ನೀವೇ ತೆಗೀರಿ, ಆದ್ರೆ ನಮ್ಮ ಬಳ್ಳಾರಿ ಬಿಸ್ಲಲ್ಲಿ ಬ್ಯಾಡ, ಎಳೆ ಎಳೆಗೂ ನೆರಳು ಬಿದ್ದು ಆ ನೆರಳು ಬಣ್ಣದೊಳಗೇ ಕೂತ್ಕೊಂಡ್ಬಿಡ್ತೈತೆ, ಆಮೇಲೆ ಗೇಮ್‌ನಲ್ಲಿ ದೀಪ ಯಾವ ಕಡೆ ಇಟ್ರೂ ಅದು ಅಲ್ಲೇ. ನೆರಳಲ್ಲಿ ಬಟ್ಟೆ ಚಪ್ಪಟೆ ಹಾಸಿ ಪಕ್ಕಕ್ಕೊಂದು ಸ್ಕೇಲ್ ಇಡ್ರಿ, ಸೆಂಟಿಮೀಟರ್‌ಗೆ ಎಷ್ಟು ಗೆರೆ ಅಂತ ಎಣಿಸಿ ಮಾಡೆಲ್ ಮೇಲೆ ಅಷ್ಟೇ ಬರೋ ಹಂಗೆ ಮಾಡ್ರಿ, ಎಳೆ ದಪ್ಪ ಆದ್ರೆ ದೊಡ್ಡ ಮನುಷ್ಯನೂ ಗೊಂಬೆ ಹಂಗೆ ಕಾಣ್ತಾನೆ.

ಇನ್ನ ಮಾಸೋದು. ಇದು ನನಗೆ ಬಾಳ ಇಷ್ಟದ ಭಾಗ ರೀ. ಇಂಡಿಗೋ ನೀಲಿ ನೂಲಿನ ಒಳಗಿನ ತನಕ ಇಳಿಯಲ್ಲ, ಮೇಲ್ಮೈಗೆ ಹತ್ಕೊಂಡಿರ್ತೈತೆ, ನಡುವೆ ನೂಲು ಬೆಳ್ಳಗೇ ಇರ್ತೈತೆ, ಅದಕ್ಕೇ ಉಜ್ಜಿದಲ್ಲೆಲ್ಲ ಬಿಳಿ ಹೊರಗೆ ಬರ್ತೈತೆ. ಹಂಗಾಗಿ ಬಿಳಿ ಬ್ರಶ್ ತಗೊಂಡು ಕಂಡ ಕಂಡಲ್ಲಿ ಬಳಿಬ್ಯಾಡ್ರಿ. ಮೊಣಕಾಲು, ತೊಡೆ ಮುಂಭಾಗ, ಜೇಬಿನ ಅಂಚು, ಕೂತಾಗ ಸೊಂಟದ ಕೆಳಗೆ ಮಡಿಕೆ ಬೀಳೋ ಜಾಗ, ಇಲ್ಲೆಲ್ಲ ಮಾಸ್ಬೇಕು. ಹೊಲಿಗೆ ಪಕ್ಕದಲ್ಲಿ ಬಟ್ಟೆ ಸುಕ್ಕುಗಟ್ಟಿ ಉಬ್ಬು ತಗ್ಗು ಆಗಿರ್ತೈತಲ್ಲ, ಉಬ್ಬಿದ್ದು ಮಾಸ್ತೈತೆ, ತಗ್ಗು ಕಡುನೀಲಿ ಉಳೀತೈತೆ. ವಾಶಿಂಗ್ ಯೂನಿಟ್‌ನಲ್ಲಿ ಪ್ಯೂಮಿಸ್ ಕಲ್ಲು ಹಾಕಿ ತಿರುಗ್ಸೋದೂ ಇದನ್ನೇ ಬೇಗ ಮಾಡೋಕೆ.

ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಮಾಡೋರು ಬಟ್ಟೆಗೆ ಮೆಟಾಲಿಕ್, ಅಂದ್ರೆ ಲೋಹದ ಗುಣ, 0 ಇಡ್ರಿ, ರಿವೆಟ್‌ಗೆ, ಗುಂಡಿಗೆ ಮಾತ್ರ 1. ರಫ್‌ನೆಸ್, ಅಂದ್ರೆ ಮೇಲ್ಮೈಯ ಒರಟುತನ, 0.8ರ ಮೇಲೆ, ಹತ್ತಿಯ ಸಣ್ಣ ಜುಂಗು ಕಾಣೋಕೆ ಸ್ವಲ್ಪ ಶೀನ್, ಅಂದ್ರೆ ಅಂಚಿನ ಮಂದ ಹೊಳಪು. ಉಬ್ಬು ತಗ್ಗು ತೋರ್ಸೋ ಚಿತ್ರ, ಅಂದ್ರೆ ನಾರ್ಮಲ್ ಮ್ಯಾಪ್ ಹಾಕ್ದಾಗ ಕಲರ್ ಸ್ಪೇಸ್ ನಾನ್-ಕಲರ್ ಮಾಡೋದು ಮರೀಬ್ಯಾಡ್ರಿ. ಅದೇ ಮ್ಯಾಪ್ ಅನ್‌ರಿಯಲ್ ಅನ್ನೋ ಗೇಮ್ ಎಂಜಿನ್‌ಗೆ ಒಯ್ಯೋದಾದ್ರೆ ಹಸಿರು ಚಾನೆಲ್ ತಿರುಗ್ಸ್ಬೇಕು, ಇಲ್ಲಾಂದ್ರೆ ಉಬ್ಬಿದ ದಾರ ತಗ್ಗು ಬಿದ್ದಂಗೆ ಕಾಣ್ತೈತೆ.

ತಿದ್ದಿದ ಮಾಡೆಲ್ ಚಿಕ್ಕಮ್ಮಗೆ ಮತ್ತೆ ತೋರ್ಸಿದೆ. ಸುಮಾರು ಹೊತ್ತು ತಿರುಗ್ಸಿ ತಿರುಗ್ಸಿ ನೋಡಿ, "ಕಾಲು ಸರಿ ಐತೆ" ಅಂದ್ಲು, ಆಮೇಲೆ ಕೆಳಗಡೆ ಬೆರಳಿಟ್ಟು, ಅಂಚು ಮಡಚಿ ಹೊಲ್ದಲ್ಲಿ ಹಗ್ಗ ಹೊಸೆದಂಗೆ ಓರೆ ಸುಕ್ಕು ಬರ್ತೈತಲ್ಲ, ಅದೆಲ್ಲಿ ಅಂತ ಕೇಳಿದ್ಲು. ಈಗ ಅದನ್ನೇ ಮಾಡ್ತಾ ಇದೀನಿ. ನಮಸ್ಕಾರ.